ಸಹಿ ಹಾಕಲ್ಲ ಅಂತ ಕೂತವನು ನಾನೇ

ಸಂಪಾದಕರೇ,

ಕಳೆದ ವಾರ ನಿಮ್ಮ ಕಾನೂನು ಸಲಹೆ ಅಂಕಣದಲ್ಲಿ ಒಬ್ಬ ಹೆಣ್ಣುಮಗಳು ಕೇಳಿದ್ದ ಪ್ರಶ್ನೆ ಓದಿದೆ. ನಾಲ್ಕು ವರ್ಷದಿಂದ ಗಂಡನಿಂದ ದೂರ ಇದ್ದಾರಂತೆ. ಮನೆಯಿಂದ ಹೊರಗೆ ಹಾಕಿದ್ದೂ ಅವನೇ ಅಂತೆ. ಆದರೆ ಡಿವೋರ್ಸ್ ಪೇಪರಿಗೆ ಸಹಿ ಮಾತ್ರ ಹಾಕಲ್ಲ ಅಂತಾನಂತೆ, ಏನು ಮಾಡಲಿ ಅಂತ ಕೇಳಿದ್ದರು. ನಿಮ್ಮ ಅಂಕಣದವರು ಎರಡೇ ಸಾಲಿನಲ್ಲಿ ಮುಗಿಸಿದ್ದಾರೆ. ಹಿರಿಯರನ್ನು ಕೂರಿಸಿ ಮಾತಾಡಿ, ಗಂಡನ ಮನವೊಲಿಸಿ, ಇಬ್ಬರೂ ಒಪ್ಪಿದರೆ ಬೇಗ ಮುಗಿಯುತ್ತೆ ಅಂತ. ಒಪ್ಪದಿದ್ದರೆ? ಅವರು ಕೇಳಿದ್ದೇ ಅದನ್ನ, ಅಲ್ವಾ?

ಇದಕ್ಕೆ ಉತ್ತರ ಕೊಡೋಕೆ ನನಗೊಂದು ವಿಚಿತ್ರ ಅರ್ಹತೆ ಇದೆ. ಸಹಿ ಹಾಕಲ್ಲ ಅಂತ ಹಟ ಹಿಡಿದು ಕೂತ ಗಂಡ ನಾನು. ಅವರ ಗಂಡ ಅಲ್ಲ, ಆ ಪೈಕಿಯವನು. ವರ್ಷಗಟ್ಟಲೆ ಕೂತೆ. ಕೊನೆಗೆ ನನ್ನ ಸಹಿ ಇಲ್ಲದೆಯೇ ಡಿಕ್ರಿ, ಅಂದರೆ ಕೋರ್ಟಿನ ಅಂತಿಮ ಆದೇಶ, ಆಯಿತು. ಹಾಗಾಗಿ 'ಸಹಿ ಹಾಕದಿದ್ರೆ ಏನೂ ಆಗಲ್ಲ' ಅನ್ನೋ ಮಾತು ಎಷ್ಟು ಸುಳ್ಳು ಅಂತ ನನಗೆ ಗೊತ್ತಿರುವಷ್ಟು ನಿಮ್ಮ ಅಂಕಣದವರಿಗೆ ಗೊತ್ತಿಲ್ಲ ಅಂತ ಧೈರ್ಯವಾಗಿ ಹೇಳ್ತೀನಿ.

ಆ ಮಾತನ್ನು ನನ್ನ ತಲೆಗೆ ತುಂಬಿದ್ದು ನಮ್ಮ ದೊಡ್ಡಪ್ಪ. 'ನೀನು ಸಹಿ ಹಾಕಬೇಡ ಕಣೋ, ಅವಳಿಗೆ ಏನು ಮಾಡಕ್ಕಾಗುತ್ತೆ ನೋಡೇಬಿಡೋಣ' ಅಂದರು. ಅವರನ್ನು ದೂರುತ್ತಿಲ್ಲ, ನನಗೂ ಅದೇ ಬೇಕಿತ್ತು. ಆಗ ಹೆಂಡತಿ ಮಗಳನ್ನು ಕರೆದುಕೊಂಡು ಹೋಗಿ ಒಂದು ವರ್ಷ ದಾಟಿತ್ತು. ಒಂದು ದಿನ ಫೋನ್ ಮಾಡಿ, 'ನೋಡಿ, ಜಗಳ ಬೇಡ, ಇಬ್ಬರೂ ಸೇರಿ ಅರ್ಜಿ ಹಾಕೋಣ, ನನಗೆ ನಿಮ್ಮಿಂದ ಏನೂ ಬೇಡ, ಮಗಳ ಓದಿಗೆ ಮಾತ್ರ ಕೊಡಿ' ಅಂದಳು. ಇವತ್ತು ಲೆಕ್ಕ ಹಾಕಿದರೆ ಅದಕ್ಕಿಂತ ಒಳ್ಳೆ ಮಾತು ಆಮೇಲೆ ನನಗೆ ಯಾವತ್ತೂ ಸಿಗಲಿಲ್ಲ. ನಾನು ಫೋನ್ ಇಟ್ಟುಬಿಟ್ಟೆ.

ಅವಳು ಹೇಳಿದ್ದು ಹಿಂದೂ ವಿವಾಹ ಕಾಯ್ದೆಯ 13ಬಿ ಸೆಕ್ಷನ್. ಪರಸ್ಪರ ಒಪ್ಪಿಗೆಯ ವಿಚ್ಛೇದನ. ಕಾಯ್ದೆ ಬಂದಿದ್ದು 1955ರಲ್ಲಿ, ಈ ಸೆಕ್ಷನ್ ಸೇರಿದ್ದು 1976ರಲ್ಲಿ. ಒಂದು ವರ್ಷ ಬೇರೆ ಇರಬೇಕು, ಇಬ್ಬರೂ ಸೇರಿ ಅರ್ಜಿ ಕೊಡಬೇಕು, ಆರು ತಿಂಗಳು ಬಿಟ್ಟು, ಹದಿನೆಂಟು ತಿಂಗಳ ಒಳಗೆ, ಮತ್ತೆ ಬಂದು 'ಹೌದು, ಬೇಕು' ಅನ್ನಬೇಕು. ಆ ಆರು ತಿಂಗಳು ಕಾಯಲೇಬೇಕು ಅಂತೇನಿಲ್ಲ, ಸಂದರ್ಭ ನೋಡಿ ಮನ್ನಾ ಮಾಡಬಹುದು ಅಂತ 2017ರಲ್ಲಿ ಅಮರ್‌ದೀಪ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಜನ ಡಿವೋರ್ಸ್ ಅಂದರೆ ಇದೊಂದೇ ಅಂದುಕೊಂಡಿದ್ದಾರೆ. ಇದು ಇಬ್ಬರೂ ಒಪ್ಪಿದವರಿಗೆ ಇರುವ ಅಡ್ಡದಾರಿ ಅಷ್ಟೇ. ಒಪ್ಪದವರ ಹೆದ್ದಾರಿ ಬೇರೆ, 13ನೇ ಸೆಕ್ಷನ್. ಅಲ್ಲಿಗೆ ಎದುರಿನವರ ಸಹಿ ಬೇಕೇ ಇಲ್ಲ. ಕಾರಣ ಬೇಕು, ಅದನ್ನು ತೋರಿಸುವ ಸಾಕ್ಷಿ ಬೇಕು, ಕಾಯುವ ತಾಳ್ಮೆ ಬೇಕು.

ಅದಕ್ಕೆ ಮುಂಚೆ ನಾನು ಮಾಡಿದ ಒಂದು ಕೆಟ್ಟ ಕೆಲಸ ಹೇಳಿಬಿಡ್ತೀನಿ, ಬೇರೆಯವರು ಹುಷಾರಾಗಿರಲಿ. ಒಂದೂವರೆ ವರ್ಷ ಸತಾಯಿಸಿದ ಮೇಲೆ, ಅಮ್ಮನ ಬಲವಂತಕ್ಕೆ, ಒಪ್ಪಿಗೆ ಅರ್ಜಿಗೆ ಸಹಿ ಹಾಕಿದೆ. ಹೆಂಡತಿ ಸಮಾಧಾನವಾಗಿ ಆರು ತಿಂಗಳು ಕಾದಳು. ಎರಡನೇ ಸಲ ಕರೆದ ದಿನ ಜಡ್ಜ್ ಮುಂದೆ ನಿಂತು 'ನನ್ನ ಒಪ್ಪಿಗೆ ವಾಪಸ್ ತಗೋತೀನಿ' ಅಂದೆ. ಅವಳು ತಿರುಗಿ ನನ್ನ ಮುಖ ನೋಡಿದಳು. ಏನೂ ಅನ್ನಲಿಲ್ಲ. ಹಾಗೆ ವಾಪಸ್ ತಗೊಳ್ಳೋಕೆ ಕಾನೂನಿನಲ್ಲಿ ಅವಕಾಶ ಇದೆ. ಡಿಕ್ರಿ ಆಗುವ ಕ್ಷಣದವರೆಗೂ ಇಬ್ಬರ ಒಪ್ಪಿಗೆಯೂ ಜೀವಂತವಾಗಿರಬೇಕು ಅಂತ 1991ರ ಸುರೇಷ್ಟಾ ದೇವಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ನನಗೆ ಇದನ್ನು ಹೇಳಿಕೊಟ್ಟವರು ಯಾರು ಅಂತ ಬರೆಯಲ್ಲ. ಅರ್ಜಿ ವಜಾ ಆಯಿತು. ಗೆದ್ದೆ ಅಂದುಕೊಂಡು ಹೊರಗೆ ಬಂದೆ.

ಹೀಗಾಗಿ, ಸಹಿ ಹಾಕಿ ಸತಾಯಿಸುವ ಗಂಡನೋ ಹೆಂಡತಿಯೋ ನಿಮಗಿದ್ದರೆ, ನಿಮ್ಮ ಸ್ವಂತ ಕೇಸನ್ನು ಪೂರ್ತಿ ಕೈಬಿಟ್ಟು ಒಪ್ಪಿಗೆ ಅರ್ಜಿಯನ್ನೇ ನಂಬಿ ಕೂರಬೇಡಿ. ರಾಜಿ ಆದರೆ ಎಲ್ಲ ಷರತ್ತೂ ಬರವಣಿಗೆಯಲ್ಲಿ, ಕೋರ್ಟಿನ ದಾಖಲೆಯಲ್ಲಿ ಬರಲಿ.

ಆಮೇಲೆ ಅವಳು ಹಾಕಿದ್ದು ಅಸಲಿ ಕೇಸು. ಕ್ರೌರ್ಯ ಮತ್ತು ಪರಿತ್ಯಾಗ, ಎರಡು ಕಾರಣ ಕೊಟ್ಟಿದ್ದಳು. ಅರ್ಜಿಯ ಪ್ರತಿ ಕೈಗೆ ಬಂದಾಗ ನಾನು ನಕ್ಕಿದ್ದೆ. ಒಂದು ಏಟು ಹೊಡೆದಿಲ್ಲ, ಕ್ರೌರ್ಯ ಎಲ್ಲಿಂದ ಬಂತು? ಮನೆ ಬಿಟ್ಟು ಹೋದವಳು ಅವಳು, ಪರಿತ್ಯಾಗ ಮಾಡಿದ್ದು ನಾನಾ? ನನ್ನ ವಕೀಲರು ವಯಸ್ಸಾದವರು, ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, 'ಏನ್ರೀ, ಹೊಡೆದರೆ ಮಾತ್ರ ಕ್ರೌರ್ಯ ಅಂತ ಯಾರು ಹೇಳಿದ್ದು ನಿಮಗೆ?' ಅಂದರು. ಆವತ್ತು ಅವರು ಹೇಳಿದ ಪಾಠವೇ ಈ ಪತ್ರದ ಮುಕ್ಕಾಲು ಭಾಗ.

ಮಾನಸಿಕ ಕ್ರೌರ್ಯ ಅಂತ ಒಂದಿದೆ. 2007ರಲ್ಲಿ ಸಮರ್ ಘೋಷ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಅದಕ್ಕೆ ಹಲವಾರು ಉದಾಹರಣೆ ಕೊಟ್ಟಿದೆ, ಇದೇ ಪೂರ್ತಿ ಪಟ್ಟಿ ಅಲ್ಲ ಅಂತಲೂ ಹೇಳಿದೆ. ಆ ಗಂಡ ಹೆಂಡತಿ ಇಬ್ಬರೂ ಐಎಎಸ್ ಅಧಿಕಾರಿಗಳು, ಹದಿನಾರು ವರ್ಷಕ್ಕಿಂತ ಜಾಸ್ತಿ ಬೇರೆ ಇದ್ದವರು. ಸುಮ್ನೆ ಒಂದು ದಿನದ ಸಿಡುಕು, ಮನೆಮನೆಯಲ್ಲೂ ಇರುವ ಕಿರಿಕಿರಿ ಕ್ರೌರ್ಯ ಅಲ್ಲ. ಆದರೆ ಬೇಕಂತಲೇ ಅಲಕ್ಷ್ಯ ಮಾಡುವುದು, ಸತತವಾಗಿ ಅವಮಾನ ಮಾಡುವುದು, ಬದುಕೇ ಸಾಕು ಅನ್ನಿಸುವ ಹಾಗೆ ನಡೆದುಕೊಳ್ಳುವುದು ಕ್ರೌರ್ಯ. ಅದರಲ್ಲಿ ಒಂದು ಉದಾಹರಣೆ ನನಗೇ ಬರೆದ ಹಾಗಿತ್ತು. ತುಂಬಾ ವರ್ಷ ಬೇರೆ ಬೇರೆ ಇದ್ದು, ಮದುವೆ ಕಾಗದದ ಮೇಲೆ ಮಾತ್ರ ಉಳಿದಿರುವಾಗ, ಆ ಗಂಟನ್ನು ಬಿಚ್ಚದೆ ಹಿಡಿದುಕೊಂಡರೆ ಮದುವೆಯ ಮರ್ಯಾದೆ ಉಳಿಯಲ್ಲ, ಅದೇ ಮಾನಸಿಕ ಕ್ರೌರ್ಯಕ್ಕೆ ದಾರಿಯಾಗಬಹುದು ಅನ್ನೋ ಅರ್ಥದ ಮಾತು. ಅಂದರೆ ನಾನು ಯಾವುದನ್ನು ಗುರಾಣಿ ಅಂದುಕೊಂಡಿದ್ದೆನೋ ಅದನ್ನೇ ಅವಳ ವಕೀಲರು ಕತ್ತಿ ಮಾಡಿಕೊಂಡಿದ್ದರು. 2023ರ ರಾಕೇಶ್ ರಾಮನ್ ಪ್ರಕರಣದಲ್ಲೂ ಸುಪ್ರೀಂ ಕೋರ್ಟ್ ಇದೇ ದಾರಿ ಹಿಡಿದಿದೆ. ಆ ದಂಪತಿ ಜೊತೆಗಿದ್ದದ್ದು ನಾಲ್ಕು ವರ್ಷ, ಬೇರೆ ಇದ್ದದ್ದು ಇಪ್ಪತ್ತೈದು ವರ್ಷ.

ಪರಿತ್ಯಾಗವೂ ಹಾಗೇ. ಅರ್ಜಿ ಹಾಕುವ ದಿನಕ್ಕೆ ಹಿಂದಿನ ಎರಡು ವರ್ಷ ಸತತವಾಗಿ ಬಿಟ್ಟಿರಬೇಕು. ಆದರೆ ಬಾಗಿಲು ದಾಟಿ ಹೋದವರೇ ಬಿಟ್ಟವರು ಅಂತೇನಿಲ್ಲ. ಒಳಗೆ ಇರಕ್ಕಾಗದ ಹಾಗೆ ಮಾಡಿ ಹೊರಗೆ ಕಳಿಸಿದವನು ಮನೆಯಲ್ಲೇ ಕೂತಿದ್ದರೂ ಪರಿತ್ಯಾಗ ಮಾಡಿದವನು ಅವನೇ. ನಿಮ್ಮ ಓದುಗರು ನಾಲ್ಕು ವರ್ಷ ಅಂತ ಬರೆದಿದ್ದಾರೆ, ಹೊರಗೆ ಹಾಕಿದ್ದು ಗಂಡ ಅಂತಲೂ ಬರೆದಿದ್ದಾರೆ. ಅಂಕಣದವರು ಅಲ್ಲೇ ನಿಂತು ಎರಡನೇ ಸಲ ಓದಬೇಕಿತ್ತು.

ಇನ್ನೂ ಕೆಲವು ಕಾರಣ ಇವೆ, ನನ್ನ ಕೇಸಿಗೆ ಬರಲಿಲ್ಲ: ಮದುವೆಯಾಚೆಗಿನ ಸಂಬಂಧ, ಮತಾಂತರ, ಜೊತೆಗೆ ಬಾಳಲಾಗದಂಥ ಮಾನಸಿಕ ಕಾಯಿಲೆ, ಸಂಸಾರ ಬಿಟ್ಟು ಸನ್ಯಾಸ, ಏಳು ವರ್ಷ ಸುಳಿವೇ ಇಲ್ಲದಿರುವುದು. ಕುಷ್ಠರೋಗವೂ ಒಂದು ಕಾರಣ ಅಂತ ಇತ್ತು, 2019ರಲ್ಲಿ ತೆಗೆದುಹಾಕಿದರು, ಒಳ್ಳೆಯದಾಯಿತು. ಹೆಂಡತಿಗೆ ಮಾತ್ರ ಸಿಗುವ ಕೆಲವು ಹೆಚ್ಚುವರಿ ಕಾರಣಗಳೂ ಇವೆ. ಮದುವೆಯಾಗಿ ಒಂದು ವರ್ಷ ಆಗುವ ಮುಂಚೆ ಸಾಮಾನ್ಯವಾಗಿ ಅರ್ಜಿ ಹಾಕುವ ಹಾಗಿಲ್ಲ, ಕಷ್ಟ ಮಿತಿ ಮೀರಿದ್ದರೆ ಕೋರ್ಟು ಅನುಮತಿ ಕೊಡಬಹುದು. ಇದು ಹಿಂದೂ ಕಾಯ್ದೆಯಡಿ ಮದುವೆಯಾದವರ ಕಥೆ. ರಿಜಿಸ್ಟರ್ ಮದುವೆ ಅಂತ 1954ರ ವಿಶೇಷ ವಿವಾಹ ಕಾಯ್ದೆಯಡಿ ಆದವರಿಗೆ ಅದರಲ್ಲೇ ಹೆಚ್ಚುಕಡಿಮೆ ಇಂಥದ್ದೇ ದಾರಿ ಇದೆ. ಕ್ರೈಸ್ತರಿಗೆ 1869ರ ವಿಚ್ಛೇದನ ಕಾಯ್ದೆ, 2001ರಲ್ಲಿ ತಿದ್ದುಪಡಿ ಆಗಿದೆ. ಮುಸ್ಲಿಂ ಹೆಣ್ಣುಮಕ್ಕಳಿಗೆ 1939ರ ಕಾಯ್ದೆ ಇದೆ. ಗಂಡ ಎರಡು ವರ್ಷ ಜೀವನಕ್ಕೆ ಕೊಡದಿದ್ದರೆ, ನಾಲ್ಕು ವರ್ಷ ಎಲ್ಲಿದ್ದಾನೆ ಅಂತ ಗೊತ್ತಿಲ್ಲದಿದ್ದರೆ, ಕ್ರೂರವಾಗಿ ನಡೆದುಕೊಂಡರೆ, ಅವನು ತಲಾಕ್ ಕೊಡಲಿ ಬಿಡಲಿ, ಅವರು ಕೋರ್ಟಿಗೆ ಹೋಗಬಹುದು.

ಇನ್ನು ನನ್ನ ಆಟಗಳು. ಒಂದೊಂದಾಗಿ ಹೇಗೆ ನೆಲಕಚ್ಚಿದವು ಅಂತ ಕೇಳಿ.

ಮೊದಲನೇದು, ಸಮನ್ಸ್ ತಗೊಳ್ಳದೆ ತಪ್ಪಿಸಿಕೊಳ್ಳೋದು. ರಿಜಿಸ್ಟರ್ ಪೋಸ್ಟ್ ಬಂದಾಗ ಬೇಡ ಅಂದೆ. ಪೋಸ್ಟ್‌ಮ್ಯಾನ್ ಲಕೋಟೆ ಮೇಲೆ ಏನೋ ಗೀಚಿಕೊಂಡು ಹೋದರು. ಆಮೇಲೆ ಕೋರ್ಟಿನ ಅಮೀನರು ಮನೆಗೇ ಬಂದರು. ನಾನು ಬಾಗಿಲು ಅರ್ಧ ತೆಗೆದು 'ಅವರು ಊರಲ್ಲಿಲ್ಲ' ಅಂದೆ. ನನ್ನ ಬಗ್ಗೆ ನಾನೇ ಬಹುವಚನದಲ್ಲಿ. ಆ ಮನುಷ್ಯ ನಗಲಿಲ್ಲ, ಸಿಟ್ಟೂ ಆಗಲಿಲ್ಲ, ಪಕ್ಕದ ಮನೆಯವರನ್ನು ಕರೆದು ನನ್ನ ಹೆಸರು ಕೇಳಿ ಖಾತ್ರಿ ಮಾಡಿಕೊಂಡು, ಸಮನ್ಸಿನ ಒಂದು ಪ್ರತಿಯನ್ನು ಬಾಗಿಲಿಗೆ ಅಂಟಿಸಿ, ಷರಾ ಬರೆದು ಹೊರಟರು. ಬೇಕಂತಲೇ ತಗೊಳ್ಳಲಿಲ್ಲ ಅಂದರೆ ತಲುಪಿದ ಹಾಗೇ ಲೆಕ್ಕ. ವಿಳಾಸದಲ್ಲಿ ಸಿಗದೆ ತಲೆ ಮರೆಸಿಕೊಂಡವರಿಗೆ ಪತ್ರಿಕೆಯಲ್ಲಿ ಪ್ರಕಟಣೆ ಕೊಡಿಸುತ್ತಾರೆ. ನಿಮ್ಮ ಪತ್ರಿಕೆಯಲ್ಲೂ ಆ ಸಣ್ಣಕ್ಷರದ ಚೌಕಗಳು ಬರುತ್ತಲ್ಲ, ಯಾರೂ ಓದಲ್ಲ ಅಂದುಕೊಂಡಿರ್ತೀವಿ, ಓದದಿದ್ದರೂ ಕೆಲಸ ಆಗುತ್ತೆ.

ಎರಡು ವಾಯಿದೆ ಹೋಗಲಿಲ್ಲ. ಮೂರನೇ ಸಲ ಗೊತ್ತಾಯಿತು, ನನ್ನನ್ನು ಎಕ್ಸ್ ಪಾರ್ಟಿ ಮಾಡಿದ್ದಾರೆ ಅಂತ. ಅಂದರೆ ನಾನು ಬರಲಿ ಬಿಡಲಿ ಕೇಸು ನಡೆಯುತ್ತೆ, ಅವಳು ಸಾಕ್ಷಿ ಹೇಳುತ್ತಾಳೆ, ಪ್ರಶ್ನೆ ಕೇಳಲು ನಮ್ಮ ಕಡೆ ಯಾರೂ ಇರಲ್ಲ. ಆಗ ಓಡಿದೆ ನೋಡಿ. ಅರ್ಜಿ ಹಾಕಿ, ದಂಡ ಕಟ್ಟಿ ಮತ್ತೆ ಒಳಗೆ ಬಂದೆ. ಡಿಕ್ರಿ ಆದಮೇಲೆ ಎಚ್ಚರ ಆಗಿದ್ದರೆ 30 ದಿನದೊಳಗೆ ಸರಿಯಾದ ಕಾರಣ ತೋರಿಸಿ ಬೇಡಿಕೊಳ್ಳಬೇಕಿತ್ತು. ಒಂದು ಮಾತು, ಎಕ್ಸ್ ಪಾರ್ಟಿ ಆದ ಮಾತ್ರಕ್ಕೆ ಡಿವೋರ್ಸ್ ತಟ್ಟೆಯಲ್ಲಿಟ್ಟು ಕೊಡಲ್ಲ, ಎದುರಿಗೆ ಯಾರೂ ಇಲ್ಲದಿದ್ದರೂ ಅರ್ಜಿದಾರರು ತಮ್ಮ ಕಾರಣ ಸಾಬೀತು ಮಾಡಲೇಬೇಕು.

ಎರಡನೇ ಆಟ, ದೂರದ ನೆಪ. ಅವಳು ಕೇಸು ಹಾಕಿದ್ದು ತಾನಿರುವ ಊರಿನಲ್ಲಿ. 2003ರ ತಿದ್ದುಪಡಿಯಿಂದ ಹೆಂಡತಿ ತಾನು ವಾಸ ಇರುವ ಕಡೆಯೇ ಅರ್ಜಿ ಹಾಕಬಹುದು. ಕೇಸನ್ನು ನಮ್ಮ ಕಡೆಗೆ ವರ್ಗ ಮಾಡಿಸೋಣ ಅಂದೆ. ವಕೀಲರು 'ಮಗು ಅವರ ಹತ್ತಿರ ಇದೆ, ಯಾವ ಮುಖ ಇಟ್ಕೊಂಡು ಕೇಳ್ತೀರಿ' ಅಂದರು. ಅಲ್ಲಿಗೆ ಮುಗೀತು.

ಮೂರನೇದು ನನ್ನ ಬ್ರಹ್ಮಾಸ್ತ್ರ. ಸೆಕ್ಷನ್ 9. 'ನನಗೆ ಹೆಂಡತಿ ಬೇಕು, ಅವಳನ್ನು ವಾಪಸ್ ಕಳಿಸಿ' ಅಂತ ಎದುರು ಅರ್ಜಿ. ಕಾನೂನಿನ ಭಾಷೆಯಲ್ಲಿ ದಾಂಪತ್ಯ ಹಕ್ಕುಗಳ ಪುನರ್‌ಸ್ಥಾಪನೆ. ಡಿವೋರ್ಸ್ ಬೇಡ ಅನ್ನುವ ಗಂಡಸರೆಲ್ಲ ಮೊದಲು ಎತ್ತಿಕೊಳ್ಳೋದು ಇದನ್ನೇ. ಇದು ತಿರುಗುಬಾಣ ಅಂತ ಯಾರೂ ಹೇಳಲ್ಲ. ಕೋರ್ಟು ನಿಮ್ಮ ಪರವಾಗಿ ಡಿಕ್ರಿ ಕೊಟ್ಟು, ಅದಾದ ಮೇಲೆ ಒಂದು ವರ್ಷ ಇಬ್ಬರೂ ಒಟ್ಟಿಗೆ ಬಾಳದಿದ್ದರೆ, ಅದೇ ಕಾರಣದ ಮೇಲೆ ಇಬ್ಬರಲ್ಲಿ ಯಾರು ಬೇಕಾದರೂ ವಿಚ್ಛೇದನ ಕೇಳಬಹುದು! 1984ರಲ್ಲಿ ಸುಪ್ರೀಂ ಕೋರ್ಟು ತೀರ್ಮಾನಿಸಿದ ಸರೋಜ್ ರಾಣಿ ಪ್ರಕರಣದಲ್ಲಿ ಹೀಗೇ ಆಗಿದೆ. ಗಂಡ ಬೇಕು ಅಂತ ಅರ್ಜಿ ಹಾಕಿದ್ದು ಹೆಂಡತಿ, ಗಂಡ ಡಿಕ್ರಿಗೆ ಒಪ್ಪಿದ, ಒಂದು ವರ್ಷ ಕಳೆದ ಮೇಲೆ ಅದೇ ಡಿಕ್ರಿ ತೋರಿಸಿ ಡಿವೋರ್ಸ್ ತಗೊಂಡ. ಯಾರನ್ನೂ ಎಳೆದು ತಂದು ಸಂಸಾರ ಮಾಡಿಸೋಕೆ ಕೋರ್ಟಿಗೂ ಆಗಲ್ಲ. ಆ ಡಿಕ್ರಿ ಪಾಲಿಸಲಿಲ್ಲ ಅನ್ನುವ ಒಂದೇ ಕಾರಣಕ್ಕೆ ಹೆಂಡತಿಯ ಜೀವನಾಂಶ ತಾನಾಗೇ ತಪ್ಪಲ್ಲ ಅಂತ 2025ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿರೋದೂ ಉಂಟು.

ಜುಡಿಷಿಯಲ್ ಸೆಪರೇಷನ್ ಕೂಡ ಇದರ ಹತ್ತಿರದ ಸಂಬಂಧಿ. ಸೆಕ್ಷನ್ 10. ಡಿವೋರ್ಸ್‌ಗೆ ಇರುವ ಕಾರಣಗಳೇ ಇದಕ್ಕೂ, ಆದರೆ ಮದುವೆ ಉಳಿದಿರುತ್ತೆ, ಒಟ್ಟಿಗೆ ಇರಬೇಕು ಅನ್ನುವ ಕಟ್ಟುಪಾಡು ಮಾತ್ರ ಇರಲ್ಲ. ಪೂರ್ತಿ ಮುರಿಯೋಕೆ ಮನಸ್ಸಿಲ್ಲ, ಒಟ್ಟಿಗೆ ಇರೋಕೂ ಆಗಲ್ಲ ಅನ್ನುವವರಿಗೆ ಸರಿ. ಇದಕ್ಕೂ ಎದುರಿನವರ ಒಪ್ಪಿಗೆ ಬೇಡ. ಇಲ್ಲೂ ಒಂದು ವರ್ಷ ಕೂಡಿ ಬಾಳದಿದ್ದರೆ ಮುಂದೆ ವಿಚ್ಛೇದನಕ್ಕೆ ಹೋಗಬಹುದು. ತಾನಾಗೇ ಸಿಗುತ್ತೆ ಅಂತ ಮಾತ್ರ ಅಂದುಕೊಳ್ಳಬೇಡಿ. ಹೆಂಡತಿ ಬೇರೆ ಇರುವ ಡಿಕ್ರಿ ಪಡೆದ ಮೇಲೆ ಜೀವನಾಂಶವನ್ನೂ ಕೊಡದೆ, ಇನ್ನೊಬ್ಬಳ ಜೊತೆಗಿನ ಸಂಬಂಧವನ್ನೂ ಬಿಡದೆ, ಆಮೇಲೆ ಬಂದು ಡಿವೋರ್ಸ್ ಕೇಳಿದ ಒಬ್ಬ ಗಂಡನಿಗೆ 2001ರಲ್ಲಿ ಸುಪ್ರೀಂ ಕೋರ್ಟ್ ಇಲ್ಲ ಅಂದಿದೆ. ತನ್ನ ತಪ್ಪಿನಿಂದ ತಾನೇ ಲಾಭ ಮಾಡಿಕೊಳ್ಳಬಾರದು ಅಂತ.

ನನಗೆ ನಿಜವಾಗಿ ಬಿಸಿ ಮುಟ್ಟಿದ್ದು ಜೀವನಾಂಶದಲ್ಲಿ. ವಾಯಿದೆ ಮೇಲೆ ವಾಯಿದೆ ಕೇಳಿ ಎಳೆದರೆ ಅವಳು ಸುಸ್ತಾಗಿ ಬಿಟ್ಟುಬಿಡ್ತಾಳೆ ಅನ್ನೋದು ನನ್ನ ಲೆಕ್ಕ. ಅವಳು ಮೊದಲ ದಿನವೇ ಸೆಕ್ಷನ್ 24ರಲ್ಲಿ ಮಧ್ಯಂತರ ಜೀವನಾಂಶಕ್ಕೆ ಅರ್ಜಿ ಹಾಕಿದ್ದಳು. 2020ರ ರಜನೀಶ್ ಮತ್ತು ನೇಹಾ ಪ್ರಕರಣದಿಂದ ಈಚೆಗೆ ಇಬ್ಬರೂ ತಮ್ಮ ಆದಾಯ, ಆಸ್ತಿ, ಸಾಲ ಎಲ್ಲದರ ಅಫಿಡವಿಟ್ ಕೊಡಬೇಕು. ಜೀವನಾಂಶ ಲೆಕ್ಕ ಹಾಕೋದು ಆದೇಶ ಆದ ದಿನದಿಂದ ಅಲ್ಲ, ಅರ್ಜಿ ಹಾಕಿದ ದಿನದಿಂದ. ಹದಿನಾಲ್ಕು ತಿಂಗಳು ಎಳೆದಿದ್ದೆ. ಹದಿನಾಲ್ಕು ತಿಂಗಳದ್ದೂ ಒಟ್ಟಿಗೆ ಬಂತು ಬಾಕಿ. ಎಳೆದಷ್ಟೂ ಮೀಟರ್ ಓಡ್ತಾನೇ ಇರುತ್ತೆ ಅಂತ ಆವತ್ತು ಅರ್ಥ ಆಯಿತು. ಅಂದ ಹಾಗೆ ಸೆಕ್ಷನ್ 24 ಹೆಂಡತಿಗೆ ಮಾತ್ರ ಅಲ್ಲ, ಆದಾಯ ಇಲ್ಲದ ಗಂಡನೂ ಕೇಳಬಹುದು. ಡಿವೋರ್ಸ್ ಕೇಸು ಇಲ್ಲದೆಯೂ ಜೀವನಾಂಶ ಕೇಳುವ ದಾರಿ ಬೇರೆ ಇದೆ. ಹಳೆಯ ಸಿಆರ್‌ಪಿಸಿ (ಅಪರಾಧ ಪ್ರಕ್ರಿಯಾ ಸಂಹಿತೆ) 125 ಅಂತ ಎಲ್ಲರಿಗೂ ಗೊತ್ತು, 2024ರ ಜುಲೈ 1ರಿಂದ ಅದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144. ಮನೆಯಲ್ಲಿ ಹಿಂಸೆ ಇದ್ದರೆ 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯಡಿ ರಕ್ಷಣೆ, ವಾಸದ ಹಕ್ಕು, ಖರ್ಚಿಗೆ ಹಣ ಮೂರನ್ನೂ ಕೇಳಬಹುದು. ಇದಕ್ಕೆಲ್ಲ ಗಂಡನ ಸಹಿಗೆ ಕಾಯಬೇಕಾಗಿಲ್ಲ.

ಕೌನ್ಸೆಲಿಂಗ್, ಮೀಡಿಯೇಷನ್ ಬಗ್ಗೆ ಎರಡು ಮಾತು. ಕುಟುಂಬ ನ್ಯಾಯಾಲಯದ್ದು 1984ರ ಕಾಯ್ದೆ, ರಾಜಿ ಮಾಡಿಸೋಕೆ ಪ್ರಯತ್ನ ಮಾಡಲೇಬೇಕು ಅಂತ ಅದರಲ್ಲೇ ಇದೆ. ಅಲ್ಲಿ ಆಡಿದ ಮಾತು ಗುಟ್ಟಾಗಿರುತ್ತೆ, ರಾಜಿ ಆಯಿತೋ ಇಲ್ಲವೋ ಅನ್ನೋದಷ್ಟೇ ಜಡ್ಜ್‌ಗೆ ಹೋಗುತ್ತೆ. ನಾನು ಪ್ರತಿ ಸಲ ಹೋಗಿ 'ಅವಳು ಬರಲಿ' ಅಂತ ಒಂದೇ ಪಾಠ ಒಪ್ಪಿಸಿದೆ. ಅದೊಂದು ಬಾಗಿಲನ್ನು ಸರಿಯಾಗಿ ಬಳಸಿಕೊಂಡಿದ್ದರೆ ಮುಂದಿನದ್ದು ಬೇಕಾಗಿರಲಿಲ್ಲ. ಆ ಹಂತದಲ್ಲೂ ಕೇಸನ್ನು ಒಪ್ಪಿಗೆಯ ಡಿವೋರ್ಸ್ ಆಗಿ ಬದಲಾಯಿಸಿಕೊಳ್ಳಬಹುದಿತ್ತು.

ಮುಂದಿನದ್ದು ಪಾಟಿ ಸವಾಲು. ನಮ್ಮಂಥ ಕೇಸಿನಲ್ಲಿ ಯಾರಾದರೊಬ್ಬರು ಕೇಳಿಕೊಂಡರೆ ಬಾಗಿಲು ಮುಚ್ಚಿ ವಿಚಾರಣೆ ಮಾಡುತ್ತಾರೆ, ಹಾಗಾಗಿ ಒಳಗೆ ನಾಲ್ಕೈದೇ ಜನ. ಅವಳ ವಕೀಲರು ಚಿಕ್ಕ ವಯಸ್ಸಿನ ಹುಡುಗಿ, ದನಿ ಏರಿಸಲೇ ಇಲ್ಲ. ನಾನು ಕಳಿಸಿದ ವಾಟ್ಸಾಪ್ ಮೆಸೇಜುಗಳ ಪ್ರಿಂಟ್ ಕೈಯಲ್ಲಿತ್ತು. ಅಂಥ ಪ್ರಿಂಟಿಗೆ ಒಂದು ಪ್ರಮಾಣಪತ್ರ ಜೊತೆಗಿಡಬೇಕು, ಇಟ್ಟಿದ್ದರು. 'ಇದು ನಿಮ್ಮ ನಂಬರಾ ಸಾರ್?' ಹೌದು. 'ಓದ್ತೀರಾ?' ಓದಲಿಲ್ಲ. ಅವರೇ ಓದಿದರು. ರಾತ್ರಿ ಹನ್ನೆರಡಕ್ಕೆ ಬರೆದದ್ದನ್ನು ಬೆಳಿಗ್ಗೆ ಹನ್ನೊಂದಕ್ಕೆ ಬೇರೆಯವರ ಬಾಯಲ್ಲಿ ಕೇಳಿದರೆ ಹೇಗಿರುತ್ತೆ ಅಂತ ವಿವರಿಸೋಕೆ ನನಗೆ ಬರಲ್ಲ. ಗಂಡ ಹೆಂಡತಿ ಗುಟ್ಟಾಗಿ ಮಾಡಿಕೊಂಡ ಫೋನ್ ರೆಕಾರ್ಡಿಂಗನ್ನೂ ವೈವಾಹಿಕ ಕೇಸಿನಲ್ಲಿ ಸಾಕ್ಷಿಯಾಗಿ ನೋಡಬಹುದು ಅಂತ 2025ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ನನ್ನದು ಅಷ್ಟು ದೂರ ಹೋಗಲೇ ಇಲ್ಲ, ಬರೆದದ್ದೇ ಸಾಕಾಗಿತ್ತು.

ಆಮೇಲೆ ಕೇಳಿದರು, 'ನಿಮಗೆ ಹೆಂಡತಿ ಮಗಳ ಜೊತೆ ಸಂಸಾರ ಮಾಡೋ ಆಸೆ ಇದೆ ಅಂತ ಹೇಳಿದ್ದೀರಿ. ಕೊನೇ ಸಲ ಅವರಿಗೆ ಫೋನ್ ಮಾಡಿದ್ದು ಯಾವಾಗ?' ನೆನಪಿಲ್ಲ ಅಂದೆ. 'ಮಗಳು ಈಗ ಎಷ್ಟನೇ ತರಗತಿ?' ನಾಲ್ಕು ಅಂದೆ. ಅವರು ತಮ್ಮ ಫೈಲಿನಿಂದ ಒಂದು ಹಾಳೆ ತೆಗೆದರು, ಶಾಲೆಯ ಅಂಕಪಟ್ಟಿ. ಆರನೇ ತರಗತಿ. ಟೈಪಿಸ್ಟ್ ನನ್ನ ಉತ್ತರ ಟೈಪ್ ಮಾಡುವ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. 'ಮಗಳು ನಾಲ್ಕನೇ ತರಗತಿಯಲ್ಲಿ ಓದುತ್ತಿದ್ದಾಳೆ' ಅಂತ ಆ ಹೇಳಿಕೆಯಲ್ಲಿ ಈಗಲೂ ಇದೆ, ಕೆಳಗೆ ನನ್ನ ಸಹಿ. ಯಾವ ಕಾಗದಕ್ಕೆ ಸಹಿ ಹಾಕಲ್ಲ ಅಂತ ಅಷ್ಟು ದಿನ ಕೂತೆನೋ ಅದಕ್ಕೆ ಹಾಕಿದರೂ ಒಪ್ಪಿಗೆ ವಾಪಸ್ ತಗೊಂಡೆ, ಇದಕ್ಕೆ ಹಾಕಿದ್ದು ಹಾಗೇ ಉಳಿಯಿತು.

ಕ್ರಿಮಿನಲ್ ಕೇಸಿನ ಹಾಗೆ ಸಂಶಯಕ್ಕೆ ಎಡೆಯೇ ಇಲ್ಲದಂತೆ ಸಾಬೀತು ಮಾಡಬೇಕಾಗಿಲ್ಲ, ಯಾರ ಮಾತು ಜಾಸ್ತಿ ನಂಬುವ ಹಾಗಿದೆ ಅಂತ ತೂಗಿ ನೋಡ್ತಾರೆ. 1975ರ ದಾಸ್ತಾನೆ ಪ್ರಕರಣದಿಂದ ಇದೇ ಅಳತೆ. ತಕ್ಕಡಿ ಯಾವ ಕಡೆ ವಾಲಿತು ಅಂತ ಬೇರೆ ಹೇಳಬೇಕಾಗಿಲ್ಲ. ಕ್ರೌರ್ಯ ಸಾಬೀತಾಗಿದೆ ಅಂತ ಡಿಕ್ರಿ ಆಯಿತು. ಅಪೀಲು ಹೋಗಬಹುದಿತ್ತು, ಹೋಗಲಿಲ್ಲ. ಅಪೀಲಿನ ಅವಧಿ ಮುಗಿಯುವ ತನಕ ಇಬ್ಬರೂ ಇನ್ನೊಂದು ಮದುವೆ ಆಗುವ ಹಾಗಿಲ್ಲ ಅಂತ ಒಂದು ನಿಯಮ ಇದೆ, ಆತುರದವರು ಗಮನಿಸಿ.

ಹಾಗಂತ, ಕೇಸು ಹಾಕಿದವರೆಲ್ಲ ಗೆಲ್ತಾರೆ ಅಂತ ನಾನು ಹೇಳ್ತಿಲ್ಲ. 'ನಮಗೆ ಹೊಂದಲ್ಲ' ಅನ್ನುವುದೊಂದೇ ಕಾರಣಕ್ಕೆ, ಎದುರಿನವರು ಬೇಡ ಅಂದರೆ, ಕೆಳಗಿನ ಕೋರ್ಟು ಡಿವೋರ್ಸ್ ಕೊಡೋಕೆ ಆಗಲ್ಲ. ಸರಿಪಡಿಸಲಾಗದಷ್ಟು ಮುರಿದುಬಿದ್ದ ಮದುವೆ ಅನ್ನುವ ಕಾರಣ ನಮ್ಮ ಕಾಯ್ದೆಯಲ್ಲಿ ಇಲ್ಲ. ಅದನ್ನು ಸೇರಿಸಿ ಅಂತ ಕಾನೂನು ಆಯೋಗ 1978ರಲ್ಲೇ ಹೇಳಿತು, 2009ರಲ್ಲಿ ಮತ್ತೆ ಹೇಳಿತು. 2006ರಲ್ಲಿ ನವೀನ್ ಕೊಹ್ಲಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟೂ ಕೇಳಿಕೊಂಡಿತು. 2010ರ ಮಸೂದೆ 2013ರಲ್ಲಿ ರಾಜ್ಯಸಭೆ ದಾಟಿ, 2014ರಲ್ಲಿ ಲೋಕಸಭೆಯ ಅವಧಿಯ ಜೊತೆ ಬಿದ್ದುಹೋಯಿತು. ಇಂಗ್ಲೆಂಡಿನಲ್ಲಿ 2022ರ ಏಪ್ರಿಲ್‌ನಿಂದ ಯಾರ ತಪ್ಪು ಅಂತ ಹೇಳುವ ಗೋಜೇ ಇಲ್ಲ, ಒಬ್ಬರು ಅರ್ಜಿ ಹಾಕಿದರೆ ಇನ್ನೊಬ್ಬರು ತಡೆಯೋಕೆ ಹೆಚ್ಚುಕಡಿಮೆ ದಾರಿಯೇ ಇಲ್ಲ. ನಮ್ಮಲ್ಲಿ ಆ ಅಧಿಕಾರ ಸುಪ್ರೀಂ ಕೋರ್ಟಿಗೆ ಮಾತ್ರ. 2023ರ ಮೇ 1ರಂದು ಐವರು ನ್ಯಾಯಮೂರ್ತಿಗಳ ಪೀಠ ಶಿಲ್ಪಾ ಶೈಲೇಶ್ ಪ್ರಕರಣದಲ್ಲಿ, ಸಂವಿಧಾನದ 142ನೇ ವಿಧಿಯಡಿ, ಒಬ್ಬರು ವಿರೋಧಿಸಿದರೂ ಮುರಿದ ಮದುವೆಯನ್ನು ತಾನು ಕೊನೆಗೊಳಿಸಬಹುದು ಅಂತ ಹೇಳಿತು. ಅದು ಹಕ್ಕಲ್ಲ, ಕೋರ್ಟಿನ ವಿವೇಚನೆ. ನೇರವಾಗಿ ದೆಹಲಿಗೆ ಹೋಗಿ ರಿಟ್ ಹಾಕಿ ಕೇಳುವಂಥದ್ದೂ ಅಲ್ಲ. ಅದನ್ನೇ ತೋರಿಸಿ 'ಆರೇ ತಿಂಗಳಲ್ಲಿ ಮಾಡಿಸಿಕೊಡ್ತೀನಿ' ಅನ್ನುವವರು ಸಿಕ್ಕರೆ ಎದ್ದು ಬನ್ನಿ.

ಸಹಿ ಹಾಕದವರೆಲ್ಲ ನನ್ನ ಹಾಗೆ ಹಟಮಾರಿಗಳೂ ಅಲ್ಲ. ಕೆಲಸ ಇಲ್ಲದ, ಆಸರೆ ಇಲ್ಲದ ಹೆಂಡತಿಯೊಬ್ಬಳು 'ಮೊದಲು ನನ್ನ ಬದುಕಿಗೆ, ಮಕ್ಕಳಿಗೆ ಏನು ಕೊಡ್ತೀರಿ ಹೇಳಿ, ಆಮೇಲೆ ಸಹಿ' ಅಂದರೆ ಅದರಲ್ಲಿ ತಪ್ಪೇನು? ಆ ಬಿದ್ದುಹೋದ ಮಸೂದೆಯಲ್ಲೂ, ವಿಚ್ಛೇದನದಿಂದ ತನಗೆ ತೀವ್ರ ಹಣಕಾಸಿನ ತೊಂದರೆ ಆಗುತ್ತೆ ಅಂತ ಹೆಂಡತಿ ವಿರೋಧಿಸಬಹುದು ಅಂತ ಇತ್ತು. ಅಂಥವರಿಗೆ ಕೋರ್ಟಿನಲ್ಲಿ ಸೆಕ್ಷನ್ 25ರ ಶಾಶ್ವತ ಜೀವನಾಂಶ ಕೇಳುವ ದಾರಿ ಇದೆ. ಅದು ಇತ್ಯರ್ಥ ಆಗದೆ ಒಪ್ಪಿಗೆ ಅರ್ಜಿಗೆ ಸಹಿ ಹಾಕಬೇಡಿ ಅಂತಲೇ ನಾನೂ ಹೇಳೋದು.

ನಿಮ್ಮ ಓದುಗರಿಗೆ ಹಣದ ಚಿಂತೆ ಇದ್ದರೆ, 1987ರ ಕಾನೂನು ಸೇವೆಗಳ ಕಾಯ್ದೆಯಲ್ಲಿ ಹೆಂಗಸರಿಗೆ ಆದಾಯ ಎಷ್ಟೇ ಇರಲಿ ಉಚಿತ ವಕೀಲರು ಸಿಗುತ್ತಾರೆ. ಜಿಲ್ಲಾ ಕೋರ್ಟಿನ ಆವರಣದಲ್ಲೇ ಸಾಮಾನ್ಯವಾಗಿ ಕಾನೂನು ಸೇವಾ ಪ್ರಾಧಿಕಾರದ ಕಚೇರಿ ಇರುತ್ತೆ, 15100 ಸಹಾಯವಾಣಿಯೂ ಇದೆ. ಹೋಗುವಾಗ ಮದುವೆಯ ದಾಖಲೆ, ಫೋಟೋ, ಬೇರೆ ಇರಲು ಶುರುಮಾಡಿದ ದಿನ ತೋರಿಸುವ ಏನಾದರೂ, ಮೆಸೇಜು, ಗಂಡನ ಆದಾಯದ ಬಗ್ಗೆ ಗೊತ್ತಿರುವಷ್ಟು ತಗೊಂಡು ಹೋಗಲಿ. ಫೋನ್ ಬದಲಾಯಿಸುವ ಮುಂಚೆ ಮೆಸೇಜು ಉಳಿಸಿಕೊಳ್ಳಲಿ. ಹಿರಿಯರನ್ನು ಆಮೇಲೆ ಕೂರಿಸಬಹುದು. ದಯವಿಟ್ಟು ಮುಂದಿನ ವಾರ ಆ ಎರಡು ಸಾಲಿನ ಉತ್ತರ ತಿದ್ದಿ ಹಾಕಿ.

ನನ್ನ ಹೆಸರು, ಊರು ಪ್ರಕಟಿಸಬೇಡಿ. ಈಗ ಎಂಟನೇ ತರಗತಿಯಲ್ಲಿರುವ ಒಬ್ಬ ಹುಡುಗಿ ಭಾನುವಾರ ನನ್ನ ಮನೆಗೆ ಬಂದಾಗ ನಿಮ್ಮ ಪತ್ರಿಕೆಯ ಪದಬಂಧ ಬಿಡಿಸುತ್ತಾಳೆ, ಅದು ಬರೋದು ಓದುಗರ ಪತ್ರಗಳ ಎದುರು ಪುಟದಲ್ಲೇ.

ಇಂತಿ,
ಒಬ್ಬ ಓದುಗ